ಇಲ್ಲದ ಮನೆಗೆ ಕೊಯ್ದ ಗಾಜು

ಮತ್ತೆ ಪರದೆ ಒಳಗೆ ಉಬ್ಬಿತು, ಆಚೆ ಯಾರೋ ನಿಂತು ಊದಿದ ಹಾಗೆ, ಯಾರೂ ಇಲ್ಲ, ಬರೀ ಗಾಳಿ, ಬೆಳಗ್ಗೆಯಿಂದ ಈ ಚೌಕಟ್ಟಿನಲ್ಲಿ ಗಾಜಿಲ್ಲ, ಮುತ್ತಜ್ಜಿಯ ಮಂಚಕ್ಕೆ ಅಂಟಿಕೊಂಡ ಕಿಟಕಿಯೇ ಹೋಗಬೇಕಿತ್ತೇ, ಬಿದ್ದದ್ದು ಒಂದೇ ಬಾಂಬು, ಅದೂ ಬೀದಿಯ ಆ ತುದಿಯ ಗೋದಾಮಿನ ಮೇಲೆ, ಆದರೆ ಗಾಜಿಗೆ ಅಷ್ಟು ಸಾಕು, ಎಲ್ಲರ ಮನೆಯ ಕಿಟಕಿಗಳೂ ಒಟ್ಟಿಗೆ ಉದುರಿದವು, ಕೆಳಗೆ ನಮ್ಮ ಅಂಗಡಿಯಲ್ಲಿ ನಿಲ್ಲಿಸಿದ್ದ ಹೊಸ ಹಾಳೆಗಳೂ ಉದುರಿದವು, ಗಾಜಿನಂಗಡಿಯವರ ಮನೆಗೆ ಹಾಕಲು ಗಾಜಿಲ್ಲ, ಬೇರೆ ಯಾರಿಗಾದರೂ ಹೀಗಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸಂಜೆಯಾಗುವುದರೊಳಗೆ ಏನಾದರೂ ಮಾಡಬೇಕು, ನರ್ಸಮ್ಮ ಹೋದ ವಾರವೇ ಹೇಳಿದ್ದಳು, ಎದೆಯಲ್ಲಿ ಕಫ ಕಟ್ಟಿದೆ, ತೊಂಬತ್ತೊಂಬತ್ತು ವರ್ಷದ ಜೀವ, ಬೆಚ್ಚಗಿಡಿ, ಗಾಳಿ ತಾಗಿದರೆ ಒಂದು ರಾತ್ರಿ ತಡೆಯುವುದಿಲ್ಲ, ಬೆಚ್ಚಗಿಡಿ ಎಂದು ಹೇಳುವುದು ಸುಲಭ ತಾಯಿ, ಹೇಳಿ ನೀನು ಬಸ್ಸು ಹತ್ತಿದೆ, ಅಮ್ಮನೂ ಅದೇ ಬಸ್ಸು ಹತ್ತಿದಳು, ನೀನೂ ಬಾ ಎಂದಳು, ಮುತ್ತಜ್ಜಿಯನ್ನು ಏನು ಮಾಡುವುದು ಎಂದೆ, ಅಮ್ಮ ಚೀಲದ ಹಿಡಿಕೆ ಸರಿ ಮಾಡಿಕೊಂಡಳು, ಬಸ್ಸಿನವನು ಮಲಗಿದವರಿಗೆ ಜಾಗ ಇಲ್ಲಮ್ಮ ಎಂದ, ಅವನು ಕೆಟ್ಟವನೇನಲ್ಲ, ನಿಜವಾಗಿಯೂ ಇರಲಿಲ್ಲ. ಕಂಬಳಿ ಕಟ್ಟಿ ನೋಡಿದೆ, ಕೋಣೆ ಕತ್ತಲಾಯಿತು, ಕತ್ತಲಾದರೆ ಮುತ್ತಜ್ಜಿ ನೆಲಮಾಳಿಗೆಯಲ್ಲಿದ್ದೇನೆ ಎಂದುಕೊಂಡು ಕಿರುಚುತ್ತಾಳೆ, ಕಿರುಚಿದರೆ ಕೆಮ್ಮು, ಕೆಮ್ಮಿದರೆ ತುಟಿ ನೀಲಿ, ಅಲ್ಲದೆ ಆ ಕಂಬಳಿ ಕಿಟಕಿಗಿಂತ ಅವಳ ಮೈಮೇಲೆ ಇರಬೇಕಾದ್ದು, ಬಿಚ್ಚಿ ಹೊದಿಸಿದೆ. ಪಕ್ಕದ ಮನೆಯ ಟೈಲರ್ ಹತ್ತಿರ ಪ್ಲಾಸ್ಟಿಕ್ಕು ಕೇಳಲು ಹೋದರೆ ಅವನು ತನ್ನ ಕಿಟಕಿಗೆ ಗಿರಾಕಿಗಳ ಅರ್ಧ ಹೊಲಿದ ಕೋಟುಗಳನ್ನು ತುರುಕಿ ಕೂತಿದ್ದ, ಯಾರಾದ್ರೂ ಕೇಳ್ಕೊಂಡು ಬಂದ್ರೆ ಕಿಟಕಿಯಿಂದ ಬಿಚ್ಚಿಕೊಡ್ತೀನಿ ಅಂತ ನಕ್ಕ, ಆಮೇಲೆ ದನಿ ತಗ್ಗಿಸಿ, ನಿಮ್ಮ ಹಿತ್ತಲ ಕೋಣೇಲಿ ಗಾಜು ಇದೆಯಲ್ಲಮ್ಮ, ಕಂಬಳಿ ಸುತ್ತಿದ್ದು, ಎಂದ, ನಾನು ಎದ್ದು ಬಂದೆ, ಕೇಳಿಸಲೇ ಇಲ್ಲ ಎಂಬ ಹಾಗೆ.

ಕೇಳಿಸಿತ್ತು. ಬೆಳಗ್ಗೆಯಿಂದ ತಲೆಯಲ್ಲಿ ಅದೇ ಕೂತಿದೆ, ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಮುಟ್ಟುವ ಹಾಗಿಲ್ಲ ಎಂಬುದೂ ಗೊತ್ತು, ಗಾಜಜ್ಜಿಯ ಗಾಜು, ಮುತ್ತಜ್ಜಿಗೆ ಬೀದಿಯವರು ಇಟ್ಟ ಹೆಸರು ಅದು, ನನ್ನ ಸ್ವಂತ ಹೆಸರು ನಾನೇ ಮರೆತಿದೀನಿ ಕಣೆ ಅನ್ನುತ್ತಿದ್ದಳು, ನೆನಪಿತ್ತು, ಸುಮ್ಮನೆ ಬಿಂಕ. ಮೊದಲನೆಯ ಮಹಾಯುದ್ಧಕ್ಕೆ ಹೋದ ಅವಳ ಅಪ್ಪ ಒಂದು ಕಣ್ಣು ಅಲ್ಲೇ ಬಿಟ್ಟು ಬಂದ, ಒಂಟಿಗಣ್ಣಿಗೆ ಅಂಚು ಎಲ್ಲಿದೆ ಎಂದು ತಿಳಿಯದು, ಗೀರು ಎಳೆದರೆ ಬೆರಳಗಲ ಆಚೆ, ಅದಕ್ಕೆ ಇವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕೈಗೆ ವಜ್ರ ಕೊಟ್ಟ, ವಜ್ರ ಎಂದರೆ ಮರದ ಹಿಡಿಯ ತುದಿಗೆ ಸಾಸಿವೆಗಿಂತ ಸಣ್ಣ ಒಂದು ಚೂರು, ನಮ್ಮ ಮನೆಯಲ್ಲಿ ಯಾರ ಕೊರಳಲ್ಲೂ ಇಲ್ಲದ ವಜ್ರ. ಒಂಟಿಗಣ್ಣನೇ ಕೋಲಿನ ಪದ್ಧತಿ ಶುರು ಮಾಡಿದ್ದು, ಬೀದಿಯ ಒಂದೊಂದು ಮನೆಗೂ ಒಂದೊಂದು ಕೋಲು, ಆ ಮನೆಯ ಕಿಟಕಿಗಳ ಅಗಲ ಒಂದು ಮಗ್ಗುಲಲ್ಲಿ, ಎತ್ತರ ಇನ್ನೊಂದು ಮಗ್ಗುಲಲ್ಲಿ, ಚಾಕುವಿನಿಂದ ಕಚ್ಚು ಹಾಕಿ ಮೊಳೆಗೆ ತೂಗುಹಾಕಿದರೆ ಆಯಿತು, ಗಾಜು ಒಡೆದರೆ ಯಾರೂ ಮನೆಗೆ ಹೋಗಿ ಅಳೆಯಬೇಕಿಲ್ಲ, ಕೋಲು ತೆಗೆ, ಕೊಯ್ದು, ಹೊತ್ತುಕೊಂಡು ಹೋಗಿ, ಕೂರಿಸು. ಮುತ್ತಜ್ಜಿ ಲೋಕವನ್ನೆಲ್ಲ ಈ ಕೋಲುಗಳಿಂದಲೇ ನೋಡಿದಳು, ಲೋಕಕ್ಕೆಲ್ಲ ಕೆಲಸ ಹೋಗಿ ಬ್ಯಾಂಕುಗಳು ಮುಳುಗಿದ ವರ್ಷಗಳೆಂದರೆ ಅವಳಿಗೆ ಜನ ಕಿಟಕಿಗೆ ರಟ್ಟು ಅಂಟಿಸಿಕೊಂಡ ವರ್ಷಗಳು, ಎರಡನೆಯ ಯುದ್ಧ ಮುಗಿದ ದಿನ ಎಂದರೆ ಕುಡಿದವರು ಬಾಟಲಿ ಎಸೆದು ಮೂರು ಅಂಗಡಿಗಳ ಗಾಜು ಒಡೆದ ದಿನ, ಗೆದ್ರೂ ಒಡೀತಾರೆ, ಸೋತ್ರೂ ಒಡೀತಾರೆ, ನಮ್ಮ ಹೊಟ್ಟೆಪಾಡು ನಡೀತದೆ ಬಿಡು. ದೊರೆಗಳು ಹೋದರು, ಸೇನಾಪತಿಗಳು ಬಂದರು, ಚುನಾವಣೆ ಬಂತು, ಅವಳಿಗೆ ಕಲ್ಲು ಯಾವ ಕಡೆಯಿಂದ ಬಂತು ಎಂಬುದಷ್ಟೇ ಮುಖ್ಯ, ಹೊರಗಿನಿಂದ ಬಂದರೆ ಚೂರು ಒಳಗೆ, ಒಳಗೆ ಗುಡಿಸಬೇಕು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದಿನ ಬೀದಿಯಲ್ಲಿ ಒಂದೂ ಗಾಜು ಒಡೆಯಲಿಲ್ಲ, ಹಾಗಾಗಿ ಅದು ಅವಳಿಗೆ ನೆನಪಿಲ್ಲ, ಯಾವುದೋ ದೇಶದಲ್ಲಿ ಗೋಡೆ ಬೀಳಿಸಿದ್ದನ್ನು ಟೀವಿಯಲ್ಲಿ ತೋರಿಸಿದಾಗ ಎಲ್ಲರೂ ಕಣ್ಣೊರೆಸಿಕೊಂಡರೆ ಇವಳು, ಅಷ್ಟುದ್ದ ಗೋಡೇಲಿ ಒಂದು ಕಿಟಕಿನಾದ್ರೂ ಇಟ್ಟಿದ್ರೆ ಬೀಳಿಸೋ ಕೆಲ್ಸಾನೇ ಇರ್ತಿರಲಿಲ್ಲ, ವಿಮಾನ ಬಡಿದು ಆ ಎರಡು ಗೋಪುರಗಳು ಕುಸಿದಾಗ ಮಾತ್ರ ಟೀವಿಯ ಹತ್ತಿರಕ್ಕೆ ಹೋಗಿ, ಎಷ್ಟು ಗಾಜು, ಎಂದಳು. ಮಾಸ್ಕಿನ ವರ್ಷ ಅವಳನ್ನು ಒಳಗೆ ಬಿಟ್ಟು ನಾವು ಅಂಗಡಿಯ ಜಗುಲಿಯಿಂದ ಮಾತಾಡಿಸುತ್ತಿದ್ದೆವು, ಅವಳು ಒಳಗಿನಿಂದ ಅಂಗೈ ಒತ್ತುತ್ತಿದ್ದಳು, ನಾನು ಹೊರಗಿನಿಂದ, ನಡುವೆ ಅವಳೇ ಕೂರಿಸಿದ ಗಾಜು, ತಣ್ಣಗೆ. ಪ್ರತಿ ಕಿಟಕಿಯ ಕೆಳಮೂಲೆಯಲ್ಲಿ ಅವಳ ಹೆಬ್ಬೆಟ್ಟು ಇರುತ್ತದೆ, ಸೀಮೆಸುಣ್ಣದ ಪುಡಿಯನ್ನು ಅಗಸೆಎಣ್ಣೆಯಲ್ಲಿ ನಾದಿ ಗಾಜಿನ ಅಂಚಿಗೆ ಮೆತ್ತುತ್ತೇವಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಹಿಟ್ಟು ಅಂತಲೇ ಹೆಸರು, ಅದನ್ನು ಮೆತ್ತಿ ಮುಗಿಸಿ ಮೂಲೆಯಲ್ಲಿ ಒಂದು ಸಲ ಒತ್ತುತ್ತಾಳೆ, ವಾರಗಳು ಕಳೆದು ಹಿಟ್ಟು ಕಲ್ಲಾದಾಗ ಬೆರಳಿನ ಗೆರೆಗಳು ಸಮೇತ ಕಲ್ಲಾಗುತ್ತವೆ, ಚಿಕ್ಕವಳಿದ್ದಾಗ ನಾನು ಬೀದಿಯುದ್ದಕ್ಕೂ ಆ ಗುಳಿಗಳಲ್ಲಿ ನನ್ನ ಹೆಬ್ಬೆಟ್ಟು ಇಡುತ್ತಾ ಹೋಗುತ್ತಿದ್ದೆ, ಗುಳಿ ದೊಡ್ಡದಾಗುತ್ತಿತ್ತು, ಸಡಿಲವಾಗುತ್ತಿತ್ತು, ಯಾವಾಗ ಸರಿಯಾಗುತ್ತದೋ ಎಂದು ಕಾಯುತ್ತಿದ್ದೆ.

ಕೋಲುಗಳ ಸಾಲಿನಲ್ಲಿ ಮೊದಲನೆಯ ಮೊಳೆಯದು ಚಿಕ್ಕಜ್ಜಿಯ ಮನೆಯ ಕೋಲು. ಚಿಕ್ಕಜ್ಜಿ ಎಂದರೆ ಮುತ್ತಜ್ಜಿಯ ತಂಗಿ, ಹದಿನೆಂಟಕ್ಕೇ ಸತ್ತವಳು, ಹದಿನೆಂಟರ ಹುಡುಗಿ ನಮಗೆಲ್ಲ ಅಜ್ಜಿ, ನನಗಿಂತ ಎಷ್ಟು ಚಿಕ್ಕವಳು ಅವಳು, ಈಗ ಸಿಕ್ಕಿದರೆ ನಾನೇ ಗದರಿಸಬೇಕು, ಕೋಟು ಹಾಕಿಕೊಳ್ಳೆ ಹುಡುಗಿ, ಚಳಿ. ಎರಡನೆಯ ಯುದ್ಧದ ಕೊನೆಯ ಚಳಿಗಾಲ, ಬೆಳಗ್ಗೆಯ ದಾಳಿಯಲ್ಲಿ ಅವಳ ಮನೆಯ ಗಾಜೆಲ್ಲ ಹೋಗಿತ್ತು, ಮದುವೆಯಾಗಿ ಸಂಸಾರ ಹೂಡಿದ್ದ ಮನೆ, ಎರಡು ಕಿಟಕಿ, ನಾಲ್ಕು ಗಾಜು, ಗಂಡ ಯುದ್ಧಕ್ಕೆ ಹೋಗಿದ್ದ, ಅಂಗಡಿಗೆ ಬಂದು ಕೈ ಉಜ್ಜಿಕೊಳ್ಳುತ್ತಾ ನಿಂತಳಂತೆ, ಅಕ್ಕಾ ಒಳಗೆ ಕೂರೋಕಾಗ್ತಿಲ್ಲ, ಬಂದು ಅಳತೆ ತಗೊಂಡು ಹೋಗು, ಅದಕ್ಕೆ ಇವಳು, ಅಳತೆ ಯಾಕೆ ಕೋಲಿದೆ, ನೀನು ಹೋಗಿ ಒಲೆ ಹಚ್ಚಿ ಕೂತಿರು, ಸಂಜೆಯೊಳಗೆ ತಂದೆ ಅಂದ್ಕೋ. ತಂಗಿ ಹೋದಳು. ಅಷ್ಟೇ ಮಾತು, ಕೊನೆಯದು ಅದೇ. ಮುತ್ತಜ್ಜಿ ಕೋಲು ಇಳಿಸಿದಳು, ನಾಲ್ಕು ಗಾಜು ಕೊಯ್ದಳು, ಅಂಚುಗಳನ್ನು ಕಲ್ಲಿನಿಂದ ಉಜ್ಜಿದಳು, ತಂಗಿ ಅಲ್ಲವೇ, ಕೈ ಕುಯ್ದುಕೊಳ್ಳಬಾರದು, ಮಧ್ಯಾಹ್ನ ಮತ್ತೆ ವಿಮಾನಗಳು ಬಂದವು, ನೆಲಮಾಳಿಗೆಯ ಕತ್ತಲೆಯಲ್ಲಿ ಆ ನಾಲ್ಕು ಗಾಜುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಎಲ್ಲರೂ ದೇವರನ್ನು ಕರೆಯುತ್ತಿದ್ದರೆ ಇವಳಿಗೆ ಗಾಜು ಒಡೆಯದಿದ್ದರೆ ಸಾಕು, ಒಡೆಯಲಿಲ್ಲ, ಒಂದು ಗೀರೂ ಬೀಳಲಿಲ್ಲ. ಬೆನ್ನಿಗೆ ಗಾಜು ಕಟ್ಟಿಕೊಂಡು, ಹಿಟ್ಟಿನ ಡಬ್ಬಿ ಹಿಡಿದು, ಧೂಳಿನಲ್ಲಿ ನಡೆದು ಹೋಗಿ ನೋಡಿದರೆ ಕಿಟಕಿ ಇಲ್ಲ, ಕಿಟಕಿ ಇರಲು ಗೋಡೆ ಇಲ್ಲ, ಗೋಡೆ ನಿಲ್ಲಲು ಮನೆ ಇಲ್ಲ, ಕೈಯಲ್ಲಿ ಕೋಲು ಇದೆ, ಕೋಲಿನಲ್ಲಿ ಕಚ್ಚು ಇದೆ, ಬೆನ್ನ ಮೇಲಿನ ಗಾಜು ಕೂದಲೆಳೆಯಷ್ಟೂ ತಪ್ಪಿಲ್ಲದೆ ಸರಿಯಾಗಿದೆ. ಅಳೆದು ಕೊಯ್ಯುವ ಬೇರೆ ಯಾವ ಗಾಜಿನವರಿಗೂ ಇಂಥ ತಪ್ಪು ಆಗುವುದಿಲ್ಲ, ಅವರು ಮೊದಲು ಹೋಗಿ ನೋಡುತ್ತಾರೆ. ನೋಡಲು ಹೋಗಿದ್ದರೆ ಅವಳೂ ಅಲ್ಲೇ ಹೋಗುತ್ತಿದ್ದಳು, ಅಜ್ಜಿ ಹುಟ್ಟುತ್ತಿರಲಿಲ್ಲ, ಅಮ್ಮ ಇಲ್ಲ, ನಾನಿಲ್ಲ, ಕೋಲು ನನ್ನ ಉಳಿಸ್ತು, ಸುಡುಗಾಡು ಕೋಲು, ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದಾಳೆ, ಅವತ್ತೇ ಒಂದು ಮರದ ಚೂರಿನ ವಿಷಯವನ್ನೂ ಹೇಳಿದಳು. ಇಟ್ಟಿಗೆಗಳ ಮೇಲೆ ಬಿದ್ದಿತ್ತಂತೆ, ಕಿಟಕಿ ಚೌಕಟ್ಟಿನ ಒಂದು ಮೂಲೆ, ಗಾಜಿಲ್ಲ, ಹಿಟ್ಟು ಮಾತ್ರ ಅಂಟಿಕೊಂಡಿತ್ತು, ಹಿಟ್ಟಿನಲ್ಲಿ ಅವಳದೇ ಹೆಬ್ಬೆಟ್ಟು, ಮದುವೆಗೆ ಮುಂಚೆ ತಂಗಿಯ ಮನೆಗೆಂದು ಒತ್ತಿದ್ದು, ಒಂದು ಗೆರೆಯೂ ಅಳಿಸಿರಲಿಲ್ಲವಂತೆ. ಆ ನಾಲ್ಕು ಗಾಜುಗಳನ್ನು ವಾಪಸು ಹೊತ್ತು ತಂದು ಕಂಬಳಿಯಲ್ಲಿ ಸುತ್ತಿ ಹಿತ್ತಲ ಕೋಣೆಯ ಗೋಡೆಗೆ ಮುಖ ಮಾಡಿ ಒರಗಿಸಿದಳು, ಆಮೇಲೆ ಬದುಕಿದಳು, ಸುಮ್ಮನೆ ಬದುಕಿದಳು, ಮುಕ್ಕಾಲು ಶತಮಾನ ಅವಳ ಮೇಲೆ ಹಾದು ಹೋಯಿತು, ಗಾಜಿಗೆ ಗತಿಯಿಲ್ಲದ ಎಷ್ಟು ದಿನಗಳು ಬಂದವು, ಅಜ್ಜಿ ಒಂದು ಸಲ ಬಾಯಿ ತಪ್ಪಿ, ಅದು ಇದೆಯಲ್ಲ ಅಮ್ಮ, ಎಂದದ್ದಕ್ಕೆ ಮುತ್ತಜ್ಜಿ ಮೂರು ದಿನ ಮುಖ ಊದಿಸಿಕೊಂಡು ಊಟ ಬಿಟ್ಟಳು, ಅದು ಬೇರೆಯವರದು.

ಬೇರೆಯವರದು. ಆಯಿತು ಅಜ್ಜಿ, ಬೇರೆಯವರದೇ, ಆದರೆ ನೋಡು, ಹೊದಿಕೆಯೊಳಗೆ ನಿನ್ನ ಹಲ್ಲು ಕಟಕಟ ಅನ್ನುವುದು ಇಲ್ಲಿಗೆ ಕೇಳುತ್ತಿದೆ, ಇರುವ ನಾಲ್ಕೇ ಹಲ್ಲು, ಅವೂ ಸುಮ್ಮನಿಲ್ಲ. ತಂದೇಬಿಟ್ಟೆ. ಹಿತ್ತಲ ಕೋಣೆಗೆ ಹೋದೆ, ಕಂಬಳಿ ಬಿಚ್ಚಿದೆ, ಹುಳು ತಿಂದು ಕೈಯಲ್ಲೇ ಪುಡಿಯಾದ ಕಂಬಳಿ, ಬೆಳಗಿನ ಬಾಂಬು ಇದನ್ನೂ ಬಿಟ್ಟಿಲ್ಲ, ಮುಂದಿನ ಎರಡು ಅಡ್ಡಕ್ಕೆ ಸೀಳಿವೆ, ಅಷ್ಟು ದೊಡ್ಡ ಯುದ್ಧದಲ್ಲಿ ತೊಡೆಯ ಮೇಲೆ ಬದುಕಿಕೊಂಡವು ಇವತ್ತು ಗೋಡೆಗೆ ಒರಗಿದ್ದಲ್ಲೇ ಸತ್ತಿವೆ, ಹಿಂದಿನ ಎರಡು ಉಳಿದಿವೆ, ಹಸಿರು ಛಾಯೆಯ ಹಳೇ ಗಾಜು, ಒಳಗೆ ಎಳ್ಳಿನಷ್ಟು ಗುಳ್ಳೆಗಳು, ಆ ಕಾಲದ ಯಾರದೋ ಉಸಿರು ಇನ್ನೂ ಒಳಗೇ ಇದೆ. ನಮ್ಮ ಕಿಟಕಿ ಇದಕ್ಕಿಂತ ಚಿಕ್ಕದು, ಕೊಯ್ಯಬೇಕು, ಎಷ್ಟು ಕೊಯ್ಯಬೇಕು ಎಂದು ನೋಡಲು ಕೋಲಿಗೆ ಕೈ ಚಾಚಿ ಪೆಚ್ಚಾದೆ, ಇಡೀ ಬೀದಿಯ ಕೋಲುಗಳಿವೆ, ನಮ್ಮ ಮನೆಯ ಕೋಲೇ ಇಲ್ಲ, ಯಾರೂ ಮಾಡಿಲ್ಲ, ನಮ್ಮದು ಎಲ್ಲಿಗೆ ಹೋಗುತ್ತದೆ ಎಂದುಕೊಂಡಿರಬೇಕು, ದಾರದಿಂದ ಅಳೆದೆ. ಹಳೇ ಗಾಜು ಮಾತು ಕೇಳುವುದಿಲ್ಲ ಎಂದು ಕಲಿಸಿದವಳು ಇವಳೇ, ಹೊಸ ಗಾಜಿಗೆ ಗೀರು ಎಳೆದು ಕೆಳಗಿನಿಂದ ತಟ್ಟಿದರೆ ಗೀರು ಹಿಡಿದೇ ಬಿಡಿಸಿಕೊಳ್ಳುತ್ತದೆ, ಹಳೆಯದು ನಿಂತು ನಿಂತು ಬಿಗಿದುಕೊಂಡಿರುತ್ತದೆ, ಎಲ್ಲಿ ಬೇಕೋ ಅಲ್ಲಿ ಓಡುತ್ತದೆ. ಮಂಚದ ಪಕ್ಕದಲ್ಲೇ ಮೇಜು ಹಾಕಿ ಹಳೇ ಬಟ್ಟೆ ಮಡಿಸಿ ಹರಡಿ ಮೊದಲನೆಯದನ್ನು ಮಲಗಿಸಿದೆ, ಬೆರಳು ಮರಗಟ್ಟಿವೆ, ವಜ್ರ ಹಿಡಿದದ್ದು ಗೊತ್ತಾಗುವುದಿಲ್ಲ, ಎಳೆದೆ, ಕೀರಲು ದನಿ ಬಂತು, ಮಂಚದಿಂದ ಕೂಡಲೇ, ಒತ್ತಬೇಡಿ ಅಪ್ಪ, ಎಂದಳು. ತಿರುಗಿ ನೋಡಿದೆ, ಕಣ್ಣು ಮುಚ್ಚಿಯೇ ಇದೆ, ನನ್ನನ್ನು ಆ ಒಂಟಿಗಣ್ಣನೆಂದು ತಿಳಿದಿದ್ದಾಳೆ, ಅಂಗಡಿಯಲ್ಲಿದ್ದಾಳೆ, ಇಪ್ಪತ್ತು ವರ್ಷದವಳು, ಬೇಗ ಆಗಲಿ ಅಪ್ಪ, ಅವಳು ಚಳೀಲಿ ಕೂತಿದಾಳೆ ಪಾಪ, ಒಲೆ ಹಚ್ಚಿಕೋ ಅಂದಿದೀನಿ, ಸೌದೆ ಇದೆಯೋ ಇಲ್ವೋ. ಅಯ್ಯೋ ಸಿವನೆ, ಎಲ್ಲ ಬಿಟ್ಟು ಇವಳು ಆ ದಿನಕ್ಕೇ ಹೋಗಿ ಕೂರಬೇಕೇ, ತೊಂಬತ್ತೊಂಬತ್ತು ವರ್ಷದಲ್ಲಿ ಇನ್ನೊಂದು ದಿನ ಇರಲಿಲ್ಲವೇ, ಮಾಸ್ಕಿನ ವರ್ಷಕ್ಕೆ ಬಾರೆ, ಅಂಗೈ ಒತ್ತಿಕೊಂಡು ನಿಲ್ಲೋಣ. ತಟ್ಟಿದೆ, ಗಾಜು ಗೀರನ್ನು ಅರ್ಧ ದಾರಿ ಕೇಳಿತು, ಅಲ್ಲಿಂದ ಪಕ್ಕಕ್ಕೆ ಓಡಿ ಮೂರು ಚೂರಾಯಿತು. ಮುತ್ತಜ್ಜಿ ಸದ್ದು ಕೇಳಿದಳು, ಗಾಜಿನದು ಯಾವುದೂ ಅವಳ ಕಿವಿಯಿಂದ ತಪ್ಪಿಸಿಕೊಳ್ಳುವುದಿಲ್ಲ, ಹೋಯ್ತಾ ಒಂದು, ಎಂದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮೊನೆಗೆ ಎಣ್ಣೆ ಹಚ್ಚಿ ಅಪ್ಪ, ಒಂದೇ ಸಲ ಎಳೀರಿ, ವಾಪಸು ಬರಬೇಡಿ.

ಒಂದು ಉಳಿಯಿತು. ಹೊರಗೆ ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಪರದೆ ಉಬ್ಬುತ್ತದೆ ಇಳಿಯುತ್ತದೆ, ಕೆಳಗೆ ಬೀದಿಯಲ್ಲಿ ಟೈಲರ್ ಗಾಜಿನ ಚೂರು ಗುಡಿಸುತ್ತಿದ್ದಾನೆ, ಇಡೀ ಬೀದಿ ಅದೇ ಸದ್ದು, ಸಣ್ಣಗೆ, ಚರಚರ, ಗುಡಿಸಿ ಏನು ಮಾಡುತ್ತೀಯಪ್ಪ, ನಾಳೆ ಮತ್ತೆ. ಈ ಕೆಲಸ ಯಾಕೆ ಕಲಿತೆವು ನಾವು, ಒಡೆಯುವವರು ಮುಗಿಯುವುದಿಲ್ಲ, ಅವಳ ಅಪ್ಪನ ಕಣ್ಣಿನಿಂದ ಶುರುವಾಗಿ ಇವತ್ತಿನ ಬೆಳಗಿನವರೆಗೆ ಒಂದೇ ಕಲ್ಲು ಎಲ್ಲ ಕಿಟಕಿಗಳಿಗೂ ಬೀಳುತ್ತಾ ಬಂದಿದೆ, ನಾವು ಹಿಂದೆ ಹಿಂದೆ ಹಿಟ್ಟಿನ ಡಬ್ಬಿ ಹಿಡಿದು ಓಡುತ್ತಾ ಬಂದಿದ್ದೇವೆ, ನನಗೆ ಸಾಕಾಗಿದೆ, ನಿಜವಾಗಿ ಸಾಕಾಗಿದೆ, ಆದರೆ ಇವಳಿಗೆ ಚಳಿ. ಬೆರಳುಗಳನ್ನು ಬಾಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡೆ, ಮೊನೆಗೆ ಎಣ್ಣೆ ಹಚ್ಚಿದೆ, ಒಂದೇ ಸಲ, ವಾಪಸು ಬರದೆ, ಉಸಿರು ಬಿಗಿಹಿಡಿದು ಎಳೆದೆ, ಈ ಸಲ ಕೀರಲು ದನಿ ಇಲ್ಲ, ರೇಷ್ಮೆ ಹರಿದ ಸದ್ದು, ಮಂಚದ ಕಡೆಯಿಂದ, ಹಾಂ, ಎಂಬ ಒಂದೇ ಅಕ್ಷರ, ತಟ್ಟಿದೆ, ಬಿಡಿಸಿಕೊಂಡಿತು, ಇನ್ನೊಂದು ಮಗ್ಗುಲು, ಅದೂ ಬಿಡಿಸಿಕೊಂಡಿತು, ನನಗೆ ಅಳು ಬಂತು, ಮೂಗು ಸೋರುತ್ತಾ ಅದನ್ನೆತ್ತಿ ಚೌಕಟ್ಟಿಗೆ ಇಟ್ಟೆ, ಕೂತಿತು, ಗಾಳಿ ನಿಂತಿತು, ಒಮ್ಮೆಗೇ ಕೋಣೆ ಕೋಣೆಯಾಯಿತು, ಪರದೆ ಸತ್ತ ಹಾಗೆ ನೇರ ನಿಂತಿತು. ಹಿಟ್ಟು ನಾದಿದೆ, ಸುತ್ತ ಮೆತ್ತಿದೆ, ಚಾಕುವಿನಿಂದ ಸವರಿದೆ, ಅಗಸೆಎಣ್ಣೆಯ ವಾಸನೆ ಅವಳಿಗೆ ತಲುಪಿರಬೇಕು, ಹಾಕಿದ್ರಾ ಎಂದಳು. ಹಾಕಿದೆ. ತಂಗಿ ಮನೇಗಾ. ಹೂಂ. ಕಣ್ಣು ಬಿಟ್ಟಳು, ಪೊರೆ ಕಟ್ಟಿದ ಕಣ್ಣು, ಆದರೆ ನೇರ ನನ್ನ ಕಡೆ, ಅಪ್ಪ ಎನ್ನಲಿಲ್ಲ, ನನ್ನನ್ನೇ ಕರೆದಳು.

ಮನೆ ಇತ್ತಾ ಮಗಾ?

ಇವಳಿಗೆ ಗೊತ್ತಿದೆ, ಯಾವಾಗಲೂ ಗೊತ್ತಿತ್ತು, ಇತ್ತು ಅಜ್ಜಿ ಎಂದೆ. ಅವಳಿದ್ಲಾ. ಇದ್ಲು, ಒಲೆ ಹಚ್ಚಿಕೊಂಡು ಕೂತಿದ್ಲು, ಬೆಚ್ಚಗಿದ್ಲು. ಮುತ್ತಜ್ಜಿಯ ತುಟಿ ಒಂದು ಪಕ್ಕಕ್ಕೆ ಹೋಯಿತು, ಬಿಂಕದ ನಗು, ಸುಳ್ಳು ಹೇಳೋಕೂ ಕಲಿಸಬೇಕಾಗಿತ್ತು ನಿಂಗೆ, ಎಂದಳು, ಆಮೇಲೆ ಕೆಮ್ಮಿದಳು, ಉದ್ದಕ್ಕೆ, ಒಳಗಿನದೆಲ್ಲ ಕಿತ್ತು ಬರುವ ಹಾಗೆ, ನಾನು ಬೆನ್ನು ನೀವಿದೆ, ಬಾಯಿಗೆ ಬಿಸಿನೀರು ಬಿಟ್ಟೆ, ಒಳಗೆ ಇಳಿಯಲಿಲ್ಲ, ತುಟಿ ನೀಲಿ, ಗಾಜು ಹಾಕಿದ್ದೇನಲ್ಲ, ಗಾಳಿ ನಿಂತಿದೆಯಲ್ಲ, ಇನ್ನೇನು ಬೇಕು, ಬೆಳಗ್ಗೆಯಿಂದ ಸಂಜೆಯವರೆಗೆ ಗಾಳಿ ಅವಳ ಎದೆಯೊಳಗೆ ಎಷ್ಟು ಹೋಗಬೇಕೋ ಅಷ್ಟು ಹೋಗಿಬಿಟ್ಟಿತ್ತೇ. ಮಲಗು ಅಜ್ಜಿ ಎಂದು ಹೊದಿಕೆ ಎಳೆದೆ, ಮೂಲೆ ಮುಗಿಸಿಲ್ಲ ನೋಡು ಎಂದಳು, ಅಥವಾ ಎಂದ ಹಾಗೆ ನನಗನ್ನಿಸಿತು, ತಿರುಗಿ ಕಿಟಕಿಯ ಕೆಳಮೂಲೆಗೆ ಹೆಬ್ಬೆಟ್ಟು ಒತ್ತಿದೆ. ಆಗ ಅದು, ದೂರದಲ್ಲಿ, ಗೋದಾಮಿಗಿಂತಲೂ ಆಚೆ, ಮೊದಲು ನೆಲದಲ್ಲಿ, ಆಮೇಲೆ ಕಿವಿಯಲ್ಲಿ, ಗಾಜು ನಡುಗಿತು, ಹಸಿ ಹಿಟ್ಟಿನಲ್ಲಿ ಅದು ನಡುಗಿದ್ದು ಬೆರಳಿಗೆ ತಿಳಿಯಿತು, ಹಿಟ್ಟು ಗಟ್ಟಿಯಾಗಲು ವಾರಗಳು ಬೇಕು, ಯಾರ ಹತ್ತಿರ ಇವೆ ವಾರಗಳು, ಇನ್ನೊಂದು, ಸ್ವಲ್ಪ ಹತ್ತಿರ, ಹೆಬ್ಬೆಟ್ಟನ್ನು ಇನ್ನೂ ಒತ್ತಿ ಹಿಡಿದೆ, ನಾನು ಹಿಡಿದುಕೊಂಡರೆ ಗಾಜು ನಿಲ್ಲುತ್ತದೆಯೇನೋ ಎಂಬಂತೆ, ಹುಚ್ಚಿ, ಬೆನ್ನ ಹಿಂದೆ ಈಗ ಕೆಮ್ಮಬೇಕಿತ್ತು ಅವಳು, ಇಂಥ ಸದ್ದಿಗೆ ಯಾವಾಗಲೂ ಎಚ್ಚರಾಗಿ ಯಾರ ಮನೇದು ಹೋಯ್ತು ಎಂದು ಕೇಳುತ್ತಾಳೆ, ಕೇಳಲಿಲ್ಲ, ಕೆಮ್ಮಲಿಲ್ಲ, ಹಲ್ಲಿನ ಸದ್ದೂ ಇಲ್ಲ, ತಿರುಗಿ ನೋಡಬೇಕು, ನೋಡುವುದಿಲ್ಲ, ತಿರುಗಿದರೆ ಕೈ ತೆಗೆಯಬೇಕಾಗುತ್ತದೆ, ತೆಗೆದರೆ ಗುರುತು ಉಳಿಯುತ್ತದೆ, ಗಾಜು ಹೋದ ಮೇಲೂ ಉಳಿಯುತ್ತದೆ, ಗೋಡೆ ಹೋದ ಮೇಲೂ, ಇಟ್ಟಿಗೆಗಳ ಮೇಲೆ ಒಂದು ಮರದ ಚೂರು, ಚೂರಿಗೆ ಅಂಟಿದ ಹಿಟ್ಟು, ಹಿಟ್ಟಿನಲ್ಲಿ ಒಂದು ಹೆಬ್ಬೆಟ್ಟು, ತೆಗೆಯುವುದಿಲ್ಲ, ಒಂದು ಮರದ ಚೂರು, ಹಿಟ್ಟು, ಹೆಬ್ಬೆಟ್ಟು